ಬಾಗಿಲು ಬಡಿದ ಹೆಸರು

ಬೆಳಿಗ್ಗೆ ಮೊದಲ ಫೋನು ಬಂದದ್ದು ಸಲಾಲಾದಿಂದ. ಅಲ್ಲಿನ ಡಿಪೋ ನೋಡಿಕೊಳ್ಳುವ ಜೋಸ್ಲಿನ್, “ಮೇಡಂ, ಕಂಪ್ಯೂಟರು ನಮ್ಮನ್ನು ಒಳಗೇ ಬಿಡ್ತಾ ಇಲ್ಲ” ಎಂದಾಗ ಮಸ್ಕತ್ತಿನ ರೂವಿಯ ಆಫೀಸಿನಲ್ಲಿ ವಾರಿಜಾಕ್ಷಿ ಹೊಸ ಕುರ್ಚಿಯಲ್ಲಿ ಇನ್ನೂ ಸರಿಯಾಗಿ ಕೂತಿರಲಿಲ್ಲ. ಹೊಸತೆಂದರೆ ಅವಳಿಗೆ ಹೊಸತು. ನಿನ್ನೆಯವರೆಗೆ ಅದು ಪೂವಪ್ಪಣ್ಣನ ಕುರ್ಚಿ. ಊರೂರಿಗೆ ಔಷಧ ಹಂಚುವ ಆ ಕಂಪನಿಯ ಕಂಪ್ಯೂಟರ್ ವಿಭಾಗವನ್ನು ಕಟ್ಟಿ ಬೆಳೆಸಿದವರು ಅವರು. ವಾರಿಜಾಕ್ಷಿಗೆ ಕೆಲಸ ಕಲಿಸಿದವರೂ ಅವರೇ. ನಿವೃತ್ತಿಯಾಯಿತು, ವೀಸಾ ಕ್ಯಾನ್ಸಲ್ ಆಯಿತು, ಇವತ್ತು ಸಂಜೆಯ ವಿಮಾನಕ್ಕೆ ಮಂಗಳೂರು. ಮೂಡುಬಿದಿರೆಯಲ್ಲಿ ಹೆಂಡತಿ ವಸಂತಿ, ಗಂಡ ಬಂದು ಇಳಿದ ಮೇಲೆಯೇ ನಂಬುವುದು ಎಂದು ಕೂತಿದ್ದಳು. ಬರುತ್ತೇನೆ ಬರುತ್ತೇನೆ ಎಂದು ಅವರು ಅಷ್ಟು ಸಲ ಹೇಳಿ ಮುಗಿದಿತ್ತು.

ಕಂಪನಿಯ ಜೀವವೆಲ್ಲ ಇದ್ದದ್ದು ಮೂರು ಸರ್ವರುಗಳಲ್ಲಿ. ಒಂದು ರೂವಿಯಲ್ಲಿ, ಒಂದು ಸೊಹಾರ್‌ನಲ್ಲಿ, ಇನ್ನೊಂದು ಸಲಾಲಾದಲ್ಲಿ. ಯಾವ ಔಷಧ ಎಲ್ಲಿದೆ, ಯಾವ ವ್ಯಾನಿಗೆ ಏರಬೇಕು, ಎಲ್ಲವೂ ಅಲ್ಲಿ. ಒಂದು ಕಡೆ ಬರೆದದ್ದು ಉಳಿದೆರಡಕ್ಕೆ ತಾನಾಗಿಯೇ ತಲುಪುತ್ತದೆ. ಒಂದು ಕೈಕೊಟ್ಟರೆ ಇನ್ನೆರಡು ಕೈ ಹಿಡಿಯುತ್ತವೆ. ಹಾಗಂತ ಕೊಂಡು ತರುವಾಗ ಮಾರಿದವರು ಹೇಳಿದ್ದರು. ಸರ್ವರಿನಿಂದ ಚೀಟಿ ಬಾರದೆ ಇನ್ಸುಲಿನ್ ತುಂಬಿದ ವ್ಯಾನು ಗೇಟು ದಾಟುವಂತಿರಲಿಲ್ಲ.

ಜನರಲ್ ಮ್ಯಾನೇಜರ್ ಬಾಲಸುಬ್ರಹ್ಮಣ್ಯ ಸಾಹೇಬರು ಮೈಸೂರಿನ ಕಡೆಯವರು. ಕಂಪ್ಯೂಟರಿನ ಸಕಲ ರೋಗಗಳಿಗೂ ಅವರ ಹತ್ತಿರ ಇದ್ದದ್ದು ಒಂದೇ ಮದ್ದು.

“ಆಫ್ ಮಾಡಿ ಆನ್ ಮಾಡೋಕೆ ಹೇಳ್ರೀ.”

ಸಲಾಲಾದವರು ಮಾಡಿದರು. ಏನೂ ಆಗಲಿಲ್ಲ. ಸೊಹಾರ್‌ನಲ್ಲಿ ಕೆಲಸ ಸುಸೂತ್ರವಾಗಿ ನಡೆಯುತ್ತಿತ್ತು, ಸುಮ್ಮನಿದ್ದರೆ ಆಗುತ್ತಿತ್ತು. ಸಾಹೇಬರು ಸುಮ್ಮನಿರುವ ಜಾತಿಯವರಲ್ಲ. ಮುಂಜಾಗ್ರತೆಗೆ ಅಲ್ಲೂ ಒಮ್ಮೆ ಮಾಡಿಬಿಡಿ ಎಂದು ಖುದ್ದಾಗಿ ಫೋನು ಮಾಡಿದರು. ಸರಿ, ಚೆನ್ನಾಗಿದ್ದ ಸೊಹಾರ್ ಕೂಡ ಮಲಗಿತು. ರೂವಿಯಲ್ಲಿ ಅರ್ಧ ಜನರಿಗೆ ನಡೆಯುತ್ತಿತ್ತು, ಅರ್ಧ ಜನರಿಗೆ ಇಲ್ಲ. ಯಾರಿಗೆ ಇಲ್ಲ ಎಂದು ವಾರಿಜಾಕ್ಷಿ ಮೇಜಿನಿಂದ ಮೇಜಿಗೆ ಹೋಗಿ ಕೇಳಿದಳು. ಸಾಹೇಬರ ಮಾತು ಕೇಳಿ ಆಫ್ ಮಾಡಿದವರಿಗೆ ಇಲ್ಲ. ನಿನ್ನೆಯಿಂದ ಕಂಪ್ಯೂಟರು ಮುಚ್ಚದ ಸೋಮಾರಿಗಳಿಗೆಲ್ಲ ನಡೆಯುತ್ತಿತ್ತು.

“ಯಾರೂ ಆಫ್ ಮಾಡ್ಬೇಡಿ ಮಾರಾಯ್ರೆ!” ಎಂದು ಅವಳು ಇಡೀ ಹಾಲಿಗೆ ಕೇಳುವಂತೆ ಕೂಗಿದಳು. “ಒಳಗೆ ಇದ್ದವರು ಒಳಗೇ ಇರಿ. ಹೊರಗೆ ಬಂದ್ರೆ ಮತ್ತೆ ಹೋಗ್ಲಿಕ್ಕಾಗುದಿಲ್ಲ!”

ಆಮೇಲೆ ಕೂತು ಒಂದೊಂದಾಗಿ ನೋಡಿದಳು. ಮೊದಲು ದಾರಿ. ಎಲ್ಲ ಊರುಗಳಿಂದಲೂ ಸರ್ವರಿನವರೆಗೆ ದಾರಿ ಸರಿಯಾಗಿಯೇ ಇತ್ತು. ತಕರಾರು ಇದ್ದದ್ದು ಬಾಗಿಲಲ್ಲಿ. ಬಂದವನನ್ನು ಸರ್ವರು ಒಳಗೆ ಬಿಡುತ್ತಿರಲಿಲ್ಲ. ಯಾಕೆಂದು ಅದು ಹೇಳುವುದೂ ಇಲ್ಲ. ಕಾರಣ ಹೇಳಿದರೆ ಕಳ್ಳರಿಗೆ ಅನುಕೂಲವಂತೆ. ಬಂದವನ ಹೆಸರನ್ನು ಮಾತ್ರ ಒಳಗೆ ಗುರುತು ಹಾಕಿಕೊಳ್ಳುತ್ತದೆ. ಅವಳು ಆ ಪುಟವನ್ನು ತೆರೆದಳು.

ಪೂವಪ್ಪ. ಪೂವಪ್ಪ. ಪೂವಪ್ಪ. ಪರದೆ ಎಷ್ಟು ಸರಿಸಿದರೂ ಅದೇ ಹೆಸರು. ಸಲಾಲಾದಿಂದ ಪೂವಪ್ಪ, ಸೊಹಾರ್‌ನಿಂದ ಪೂವಪ್ಪ, ಇದೇ ಕಟ್ಟಡದಿಂದಲೂ ಪೂವಪ್ಪ. ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೂ ಹತ್ತು ಸಾಲು ಕೆಳಗೆ ಸೇರಿದವು. ನಿನ್ನೆ ಸಂಜೆಯೇ ಮುಚ್ಚಿಹೋದ ಹೆಸರು ಅದು. ಕೆಲಸ ಬಿಟ್ಟವರ ಹೆಸರನ್ನು ಮುಚ್ಚುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಮುಚ್ಚಿದ ಮೇಲೆ ಈ ಹೆಸರು ಮೂರು ಊರುಗಳಿಂದ ಏಕಕಾಲಕ್ಕೆ ಬಾಗಿಲು ಬಡಿಯುವುದೆಂದರೆ?

ಸಾಹೇಬರು ಯಾವಾಗ ಬಂದು ಬೆನ್ನ ಹಿಂದೆ ನಿಂತಿದ್ದರೋ. “ನೋಡಿದ್ರಾ! ನಿಮ್ ಗುರುಗಳ ಹೆಸ್ರು ಅಲ್ವೇನ್ರೀ ಇದು? ಕೂರಿಸಿದ್ದಾನೆ, ಎಲ್ಲಾ ಮೆಷಿನ್ನಲ್ಲೂ ಏನೋ ಕೂರಿಸಿಟ್ಟೇ ಹೋಗಿದ್ದಾನೆ. ಬೀಳ್ಕೊಡುಗೆ ದಿನ ಏನಂದ? ‘ನಾನು ಹೋದ ಮೇಲೆ ನನ್ನ ಬೆಲೆ ಗೊತ್ತಾಗ್ತದೆ’ ಅಂದ. ನಾವೆಲ್ಲ ಹಲ್ಲು ಕಿರಿದ್ವಿ.”

“ಅದು ತಮಾಷೆಗೆ ಸರ್.”

“ತಮಾಷೆ ಅಂತೆ! ಫೋನ್ ಮಾಡಿ ನೋಡಿ.”

ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಅದೇ. ಸಾಹೇಬರ ಮುಖದಲ್ಲಿ ಒಂಥರಾ ಸಂತೋಷವೇ ಕಾಣಿಸಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಕೆಲವರಿಗೆ ದೊಡ್ಡ ಕೋಣೆ, ಎ.ಸಿ. ಕೂಡ ಇರುತ್ತದೆ. ಅವರು ಆಡಳಿತ ವಿಭಾಗದ ಸೌದನನ್ನು ಕರೆಸಿ ಪೊಲೀಸ್ ದೂರು ಬರೆಯಲು ಹೇಳಿದರು. ಸೌದ ಮಸ್ಕತ್ತಿನವನೇ, ಇವರೊಂದಿಗೆ ಹಿಂದಿಯಲ್ಲಿ ಮಾತಾಡುವವನು, ಅವಸರದ ಮನುಷ್ಯನಲ್ಲ. ದೂರು ಕೊಟ್ಟರೆ ಪೂವಪ್ಪನನ್ನು ಏರ್‌ಪೋರ್ಟಿನಲ್ಲೇ ತಡೆಯುತ್ತಾರೆ, ತನಿಖೆ ಮುಗಿಯುವವರೆಗೆ ಊರಿಗೆ ಹೋಗುವಂತಿಲ್ಲ ಎಂದು ಅವನು ಎಚ್ಚರಿಸಿದ.

“ತಡೀಲಿ” ಎಂದರು ಸಾಹೇಬರು.

“ಮಧ್ಯಾಹ್ನದ ನಮಾಜು ಮುಗಿಸಿ ಬಂದು ಬರೀತೇನೆ” ಎಂದ ಸೌದ. ಹಾಗೆಂದು, ಅಷ್ಟರೊಳಗೆ ಏನಾದರೂ ಮಾಡು ಎಂಬಂತೆ ವಾರಿಜಾಕ್ಷಿಯ ಮುಖ ನೋಡಿದ.

ಸುಳ್ಳು ಹೇಳಬಾರದು, ಆ ಹೊತ್ತು ವಾರಿಜಾಕ್ಷಿಗೂ ಅನುಮಾನ ಬಂತು. ಇನ್ನೊಂದು ವರ್ಷ ಇರುತ್ತೇನೆಂದು ಪೂವಪ್ಪಣ್ಣ ಕೇಳಿದ್ದು, ಸಾಹೇಬರು ಒಪ್ಪದೇ ಇದ್ದದ್ದು ಅವಳಿಗೆ ಗೊತ್ತಿತ್ತು. ಕುರ್ಚಿ ಬಿಟ್ಟುಕೊಡುವ ದಿನ ಅವರು ಹೆಚ್ಚು ಮಾತಾಡಿರಲಿಲ್ಲ. ಮನುಷ್ಯನ ಮನಸ್ಸು ಯಾರು ಬಲ್ಲರು? ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಬ್ಯಾಗು ಎತ್ತಿಕೊಂಡು ಹೊರಗೆ ನಡೆದಳು. ಪೂವಪ್ಪಣ್ಣನ ಫ್ಲ್ಯಾಟು ಅದೇ ರೂವಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ.

ಬಾಗಿಲು ತೆಗೆದದ್ದು ಅವರ ಜೊತೆ ಫ್ಲ್ಯಾಟಿನಲ್ಲಿದ್ದ ಡಿಯೋನ್, ಉಡುಪಿಯ ಹುಡುಗ. ಮುಖ ಗಂಟಿಕ್ಕಿಕೊಂಡಿತ್ತು. ಒಳಗೆ ಪೂವಪ್ಪಣ್ಣ ಮಂಡಿಯೂರಿ ಕೂತು ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು.

“ವಾರಿಜ! ನೀನೆಂತ ಇಲ್ಲಿ? ಬಾ ಬಾ, ಈ ಗಂಟಿನ ಮೇಲೆ ಸ್ವಲ್ಪ ಬೆರಳಿಡು.”

ಅವಳು ಬೆರಳಿಟ್ಟಳು. “ನಿಮ್ಮ ಫೋನು ಯಾಕೆ ಆಫ್ ಪೂವಪ್ಪಣ್ಣ?”

“ಆಫ್ ಎಂತದು, ಸತ್ತೇ ಹೋಗಿದೆ. ರೆಸಿಡೆಂಟ್ ಕಾರ್ಡು ಕ್ಯಾನ್ಸಲ್ ಆಯ್ತಲ್ಲ, ಅದರ ಮೇಲೆ ತಗೊಂಡ ನಂಬರ್ ಕೂಡ ಹೋಯ್ತು.”

“ಅಂಕಲ್‌ದು ಮಾತ್ರ ಹೋಗಿದ್ರೆ ಪರವಾಗಿರ್ಲಿಲ್ಲ ಅಕ್ಕಾ” ಎಂದು ಡಿಯೋನ್ ಗೋಡೆಯ ಮೇಲಿನ ಇಂಟರ್‌ನೆಟ್ ಪೆಟ್ಟಿಗೆಯನ್ನು ತೋರಿಸಿದ. ಅದರಲ್ಲಿ ಕೆಂಪು ದೀಪ ಉರಿಯುತ್ತಿತ್ತು. “ನಮ್ಮದೂ ಹೋಯ್ತು. ನಿನ್ನೆಯಿಂದ ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದ್ದೇನೆ ಗೊತ್ತುಂಟಾ? ಆಮೇಲೆ ನೆನಪಾಯ್ತು, ಕನೆಕ್ಷನ್ ಇದ್ದದ್ದು ಅಂಕಲ್‌ನ ಹೆಸರಲ್ಲಿ. ಹೆಸರು ಇವರದ್ದು, ಯೂಸ್ ಮಾಡ್ತಿದ್ದದ್ದು ನಾವೆಲ್ಲ.”

ವಾರಿಜಾಕ್ಷಿಯ ಬೆರಳು ಗಂಟಿನ ಮೇಲೆಯೇ ಉಳಿಯಿತು. ಕೊಲ್ಲಿಯಲ್ಲಿ ಇಷ್ಟು ವರ್ಷ ಬದುಕಿ ಇದು ಅವಳಿಗೆ ಹೊಳೆಯದೆ ಹೋದದ್ದಾದರೂ ಹೇಗೆ! ಇಲ್ಲಿ ಮನೆಯ ಬಾಡಿಗೆ ಒಬ್ಬನ ಹೆಸರಲ್ಲಿ, ಕರೆಂಟು ಇನ್ನೊಬ್ಬನ ಹೆಸರಲ್ಲಿ, ಕಾರು ಮತ್ತೊಬ್ಬನ ಹೆಸರಲ್ಲಿ. ಹೆಸರಿನವನು ಊರಿಗೆ ಹೊರಟರೆ ಹಿಂದೆ ಉಳಿದವರಿಗೆ ಕತ್ತಲೆ.

“ಪೂವಪ್ಪಣ್ಣ, ನಮ್ಮ ಔಷಧದ ಲೆಕ್ಕ ನೋಡುವ ಪ್ರೋಗ್ರಾಂ ಸರ್ವರಿಗೆ ಹೋಗುವಾಗ ಯಾರ ಹೆಸರು ಹೇಳಿ ಹೋಗ್ತದೆ?”

ಹಗ್ಗ ಎಳೆಯುತ್ತಿದ್ದ ಪೂವಪ್ಪಣ್ಣ ಕೈ ಬಿಟ್ಟರು. ಹಣೆ ಚಚ್ಚಿಕೊಂಡರು.

“ಅಯ್ಯೋ ನನ್ನ ಕರ್ಮವೇ. ನನ್ನದೇ!”

ಆದದ್ದು ಇಷ್ಟು. ಸರ್ವರುಗಳು ಹೊಸದಾಗಿ ಬಂದಾಗ ಪ್ರೋಗ್ರಾಮಿಗೆಂದೇ ಒಂದು ಬೇರೆ ಹೆಸರು ಬೇಕೆಂದು ಪೂವಪ್ಪಣ್ಣ ಕೇಳಿದ್ದರು. ಅದಕ್ಕೆ ಮೇಲಿನಿಂದ ಒಪ್ಪಿಗೆ ಬರಬೇಕು. ಒಪ್ಪಿಗೆ ಬರುವವರೆಗೆ ಕಾಯುವ ತಾಳ್ಮೆ ಬಾಲಸುಬ್ರಹ್ಮಣ್ಯ ಸಾಹೇಬರಿಗೆ ಇರಲಿಲ್ಲ. ಯಾರದ್ದಾದ್ರೂ ಹೆಸರು ಹಾಕ್ರೀ, ಯಲ್ಲಾ, ಶುರು ಮಾಡ್ರೀ ಎಂದರು. ಸದ್ಯಕ್ಕೆ ನನ್ನದಿರಲಿ, ನಾಳೆ ಬದಲಾಯಿಸಿದರಾಯಿತು ಎಂದುಕೊಂಡರು ಇವರು. ಆ ನಾಳೆ ಬರಲೇ ಇಲ್ಲ. ಮೂರೂ ಊರಿನ ಪ್ರತಿ ಕಂಪ್ಯೂಟರೂ ಅಂದಿನಿಂದ ಪೂವಪ್ಪನ ಹೆಸರು ಹೇಳಿಕೊಂಡೇ ಒಳಗೆ ಹೋಗುತ್ತಿತ್ತು. ಒಳಗಿದ್ದವರನ್ನು ಸರ್ವರು ಹೊರಗೆ ಹಾಕಿರಲಿಲ್ಲ. ಹೊರಗೆ ಬಂದು ಮತ್ತೆ ಹೊರಟವರನ್ನು ಮಾತ್ರ ತಡೆಯುತ್ತಿತ್ತು. ಹೆಸರು ನೋಡಿ ಮನುಷ್ಯನೇ ಬಂದಿದ್ದಾನೆ ಎಂದುಕೊಂಡಿದ್ದರು ಎಲ್ಲರೂ.

ವಾರಿಜಾಕ್ಷಿ ಅಲ್ಲೇ ಪೆಟ್ಟಿಗೆಯ ಮೇಲೆ ಕುಳಿತು ನಗತೊಡಗಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಹೋದ ಜೀವ ಬಂದ ಹಾಗಾಗಿತ್ತು ಅವಳಿಗೆ. ಇವರು ಏನೂ ಮಾಡಿರಲಿಲ್ಲ. ಪೊಲೀಸ್ ದೂರಿನ ಸಂಗತಿ ಹೇಳಿದ ಮೇಲೆ ಪೂವಪ್ಪಣ್ಣ ಹಗ್ಗ ಅಲ್ಲೇ ಬಿಟ್ಟು ಅಂಗಿ ಹಾಕಿಕೊಂಡರು. ಇಬ್ಬರೂ ಟ್ಯಾಕ್ಸಿ ಹಿಡಿದು ಆಫೀಸಿಗೆ ಬಂದರು.

ಸೌದ ಆಗಷ್ಟೇ ನಮಾಜು ಮುಗಿಸಿ ಬಂದಿದ್ದ. ವಾರಿಜಾಕ್ಷಿ ನಿಂತಲ್ಲೇ ಎಲ್ಲ ಹೇಳಿದಳು. ಯಾರದ್ದಾದರೂ ಹೆಸರು ಹಾಕಿ ಅಂದವರು ಯಾರು ಎಂಬುದನ್ನು ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸಾಹೇಬರೇ ಬಾಯಿಬಿಟ್ಟರು. “ಆಗ ಅರ್ಜೆಂಟ್ ಇತ್ತು ಕಣಮ್ಮ. ನಾನೇನು ಇವ್ರ ಹೆಸ್ರೇ ಹಾಕಿ ಅಂದಿದ್ನೇ? ಈಗ ಅದನ್ನ ಮತ್ತೆ ಓಪನ್ ಮಾಡಿಸಿಬಿಡಿ, ಮುಗೀತು.”

“ಆಗುದಿಲ್ಲ” ಎಂದ ಸೌದ. “ವೀಸಾ ಕ್ಯಾನ್ಸಲ್, ಹೆಸರು ಕ್ಯಾನ್ಸಲ್. ಖಲಾಸ್. ಆ ನಿಯಮಕ್ಕೆ ಸಹಿ ಹಾಕಿದ್ದು ನೀವೇ.”

“ಹಾಗಾದ್ರೆ ವಾರಿಜಾಕ್ಷಿ ಹೆಸ್ರು ಹಾಕಿ.”

“ಬೇಡ ಸರ್” ಎಂದಳು ವಾರಿಜಾಕ್ಷಿ. ಇಷ್ಟು ಗಟ್ಟಿಯಾಗಿ ಅವರೆದುರು ಅವಳು ಎಂದೂ ಮಾತಾಡಿದ್ದಿಲ್ಲ. “ನಾನೂ ಒಂದಿನ ಊರಿಗೆ ಹೋಗುವವಳೇ. ಪ್ರೋಗ್ರಾಮಿಗೆ ಅದರದ್ದೇ ಹೆಸರು ಇಡ್ತೇನೆ. ಅದಕ್ಕೆ ವೀಸಾ ಬೇಡ, ರಜೆಯೂ ಬೇಡ. ಒಪ್ಪಿಗೆ ನೀವು ಈಗಲೇ ಕೊಡಿಸಿ.”

ಸಾಹೇಬರು ಫೋನು ಎತ್ತಿದರು. ಬೇಕೆಂದರೆ ಒಪ್ಪಿಗೆ ಎಷ್ಟು ಬೇಗ ಬರುತ್ತದೆ ಎಂದು ಎಲ್ಲರೂ ನೋಡಿದರು. ವಾರಿಜಾಕ್ಷಿ ರೂವಿಯ ಸರ್ವರಿನಲ್ಲಿ ಹೊಸ ಹೆಸರು ಬರೆದಳು. ಅದು ತಾನಾಗಿಯೇ ಸೊಹಾರ್‌ಗೂ ಸಲಾಲಾಕ್ಕೂ ಹೋಗಿ ತಲುಪಿತು. ಕಂಪ್ಯೂಟರುಗಳಿಗೆ ಹಳೆಯ ಹೆಸರು ಬಿಟ್ಟು ಹೊಸದನ್ನು ಹೇಳಲು ಕಲಿಸುವಾಗ ಪೂವಪ್ಪಣ್ಣ ಪಕ್ಕದಲ್ಲಿ ಕೂತು, ಯಾವುದು ಎಲ್ಲಿದೆ ಎಂದು ಬೆರಳು ತೋರಿಸಿದರು. ಮೊದಲು ಸೊಹಾರ್ ಎದ್ದಿತು. ರೂವಿಯ ಗೇಟಿನಲ್ಲಿ ವ್ಯಾನುಗಳು ಹೊರಟ ಸದ್ದು ಕೇಳಿಸಿತು. ಕೊನೆಗೆ ಜೋಸ್ಲಿನ್ ಫೋನಿನಲ್ಲಿ, “ಬಂತು ಮೇಡಂ, ಬಂತು! ಚೀಟಿ ಬರ್ತಾ ಉಂಟು!” ಎಂದು ಕಿರುಚಿದಳು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟುತ್ತಿದ್ದರು.

ಸೌದ ಬರೆಯದೇ ಇದ್ದ ದೂರಿನ ಬಗ್ಗೆ ಯಾರೂ ಮಾತೆತ್ತಲಿಲ್ಲ. ಸಾಹೇಬರು ಪೂವಪ್ಪಣ್ಣನ ಕೈ ಹಿಡಿದು, “ತಪ್ಪು ತಿಳ್ಕೋಬೇಡಿ” ಎಂದರು. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಅದರ ಬದಲು ಏರ್‌ಪೋರ್ಟಿಗೆ ತಮ್ಮ ಕಾರು ಕೊಟ್ಟರು. ವಾರಿಜಾಕ್ಷಿಯೂ ಜೊತೆಗೆ ಹತ್ತಿದಳು.

ದಾರಿಯಲ್ಲಿ ಫ್ಲ್ಯಾಟಿಗೆ ಹೋಗಿ, ಹಗ್ಗ ಬಿಗಿದು, ಪೆಟ್ಟಿಗೆಯನ್ನು ಕಾರಿಗೆ ಹಾಕಿಕೊಂಡರು. ಏರ್‌ಪೋರ್ಟಿನ ಬಾಗಿಲಲ್ಲಿ ಪೆಟ್ಟಿಗೆ ಇಳಿಸುವಾಗ ಅವಳಿಗೆ ತಡೆಯಲಾಗಲಿಲ್ಲ.

“ಪೂವಪ್ಪಣ್ಣ, ಬೆಳಿಗ್ಗೆ ನಂಗೂ ನಿಮ್ಮ ಮೇಲೆ ಅನುಮಾನ ಬಂತು. ಹೇಳದಿದ್ರೆ ನಂಗೆ ನಿದ್ರೆ ಬರ್ಲಿಕ್ಕಿಲ್ಲ.”

ಪೂವಪ್ಪಣ್ಣ ಪೆಟ್ಟಿಗೆಯನ್ನು ಗಾಡಿಗೆ ಏರಿಸಿ, ಸೊಂಟ ನೆಟ್ಟಗೆ ಮಾಡಿ ಅವಳನ್ನು ನೋಡಿದರು.

“ಅನುಮಾನ ಬಂದದ್ದಕ್ಕೇ ಅಲ್ವಾ ನೀನು ಕೇಳ್ಲಿಕ್ಕೆ ಬಂದದ್ದು? ಸಾಹೇಬರಿಗೆ ಅನುಮಾನ ಇರ್ಲಿಲ್ಲ ವಾರಿಜ. ಅವರಿಗೆ ಖಾತ್ರಿ ಇತ್ತು.”

ಅವಳು ಗಾಜಿನ ಈಚೆ ನಿಂತಳು. ಪಾಸ್‌ಪೋರ್ಟು ನೋಡುವವನು ಪರದೆಯನ್ನು ನೋಡಿದ, ಪೂವಪ್ಪಣ್ಣನ ಮುಖ ನೋಡಿದ, ಮತ್ತೆ ಪರದೆ ನೋಡಿದ. ಆತ ಮುದ್ರೆ ಒತ್ತಿ ಪಾಸ್‌ಪೋರ್ಟು ಹಿಂದಕ್ಕೆ ಕೊಟ್ಟ. ಪೂವಪ್ಪಣ್ಣ ತಿರುಗಿ ಎರಡೂ ಕೈ ಮೇಲೆತ್ತಿ ಬೀಸಿದರು, ಆಮೇಲೆ ಒಳಗೆ ಹೋದರು. ಬೆಳಿಗ್ಗೆಯಿಂದ ತಾನು ಏನೂ ತಿಂದಿಲ್ಲ ಎಂಬುದು ವಾರಿಜಾಕ್ಷಿಗೆ ಆಗ ಗೊತ್ತಾಯಿತು. ಎಷ್ಟು ಹಸಿದಿದ್ದಳೆಂದರೆ, ಅಲ್ಲೇ ಎದುರಿಗಿದ್ದ ಅಂಗಡಿಗೆ ಹೋಗಿ ಎರಡು ಪರೋಟ ಹೇಳಿ, ನಿಂತುಕೊಂಡೇ ತಿಂದಳು.