ಬಾಣಂತಿ ಬೆಕ್ಕಿನ ರೇಡಿಯೊ

ನನ್ನ ಮೈದುನ ಗವಿಸಿದ್ದೇಶನಿಗೆ ಕೈಯಲ್ಲಿ ಕೆಲಸ ಕಡಿಮೆಯಾದಷ್ಟೂ ತಲೆಯಲ್ಲಿ ಜಾಣತನ ಹೆಚ್ಚಾಗುತ್ತದೆ. ಕೊಟ್ಟೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಅವನ ರೇಡಿಯೊ, ಟಿವಿ ರಿಪೇರಿ ಅಂಗಡಿ. ಊರವರ ಟಿವಿಗಳು ಅಲ್ಲಿ ಬೆನ್ನು ಬಿಚ್ಚಿಕೊಂಡು ತಿಂಗಳುಗಟ್ಟಲೆ ಕೂತಿರುತ್ತವೆ. ಅವನು ಮಾತ್ರ ಹೊಸಪೇಟೆಯಿಂದ ತಂದ ತಂತಿ, ಬಿಲ್ಲೆಗಳನ್ನು ಬೆಸೆದು, ಯಾರೂ ಕೇಳದ ಯಂತ್ರಗಳನ್ನು ಮಾಡುತ್ತಿರುತ್ತಾನೆ. ತೊಂಬತ್ತೆಂಟರ ಚಳಿಗಾಲದಲ್ಲಿ ಅವನ ಕಣ್ಣು ನಮ್ಮ ಬೆಕ್ಕಿನ ಮೇಲೆ ಬಿತ್ತು.

ಬೆಕ್ಕು ನನ್ನ ಮಗಳು ಗಂಗಾಂಬಿಕಾಳದು. ಆಗ ನಾಲ್ಕನೇ ತರಗತಿಯಲ್ಲಿದ್ದಳು. ಹಿಂದಿನ ಸಲ ಅದು ಮರಿ ಹಾಕಿದಾಗ ಮನೆಗೆ ಬಂದವರೆಲ್ಲ ಇಣುಕಿ ನೋಡಿದ್ದರು. ಹೆದರಿದ ಬೆಕ್ಕು ಮರಿಗಳನ್ನು ಮಾಳಿಗೆಯ ಮೇಲಕ್ಕೆ ಸಾಗಿಸಿತು. ಅಲ್ಲಿ ಗಂಡುಬೆಕ್ಕು ಒಂದನ್ನೂ ಉಳಿಸಲಿಲ್ಲ. ಈ ಸಲ ಕಾಳಿನ ಕೋಣೆಯಲ್ಲಿ ಹಳೇ ಕೌದಿಯ ಮೇಲೆ ಮೂರು ಮರಿ ಹಾಕಿತ್ತು.

“ಅವ್ವ, ಮರಿ ಕಣ್ಣು ಬಿಡೋತನಕ ಯಾರೂ ನೋಡಬಾರದು. ಆಣಿ ಮಾಡು,” ಎಂದಳು ಮಗಳು. ಮಾಡಿದೆ. ಬಾಗಿಲಿಗೆ ಬೀಗ ಬಿತ್ತು. ಬೆಕ್ಕಿಗೆ ಬಾಗಿಲು ಬೇಕಿರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಜೋಳದ ಚೀಲಗಳ ಮೇಲೆ ಇಳಿದು ಹತ್ತಿ ಓಡಾಡುತ್ತಿತ್ತು.

“ನೋಡೋದು ಯಾಕ? ಕೇಳೋಣ,” ಎಂದ ಗವಿಸಿದ್ದೇಶ. ಬೀಗ ಹಾಕುವ ಮುಂಚೆಯೇ ಬೆಂಕಿಪೊಟ್ಟಣದಷ್ಟು ಮೈಕೊಂದನ್ನು ಗೋಡೆಯ ಗೂಡಿನಲ್ಲಿ ಇಟ್ಟು ಬಂದಿದ್ದ. ಅದು ಹಿಡಿದ ಸದ್ದು ಅಂಗಡಿಯ ಎಫ್‌ಎಂ ರೇಡಿಯೊದಲ್ಲಿ ಕೇಳುತ್ತಿತ್ತು. ಬೆಕ್ಕಿಗೆ ಸುಳಿವೇ ಇಲ್ಲ, ಆದರೂ ಅದರ ಕ್ಷೇಮಸಮಾಚಾರ ತನ್ನ ಕಿವಿಯಲ್ಲಿ ಎಂಬುದು ಅವನ ದೊಡ್ಡಸ್ತಿಕೆ. ಮೊದಲು ಮರಿಗಳ ಕಿಚಿಕಿಚಿಯೂ ಕೇಳುತ್ತಿತ್ತು. “ಇದು ಡಿಸ್ಟರ್ಬೆನ್ಸು,” ಎಂದು ಗುಂಡಿ ತಿರುಗಿಸಿ, ಸಣ್ಣ ದನಿಗಳನ್ನೆಲ್ಲ ಅಡಗಿಸಿ, ದಪ್ಪನೆಯ ಗುರುಗುರು ಮಾತ್ರ ಉಳಿಸಿಕೊಂಡ. ಕೂಸಿನ ಅಳು ಡಿಸ್ಟರ್ಬೆನ್ಸು ಎನ್ನುವ ಗಂಡಸರು ನನಗೇನೂ ಹೊಸಬರಲ್ಲ. ರೊಟ್ಟಿ ಬಡಿಯಲು ಕೂತೆ.

ತಮ್ಮ ಟಿವಿ ರಿಪೇರಿ ಆಯಿತೇ ಎಂದು ಕೇಳಲು ಬಂದವರಿಗೆಲ್ಲ ಅವನು ಬೆಕ್ಕು ಕೇಳಿಸಿ ಕಳಿಸುತ್ತಿದ್ದ. “ಕೇಳ್ರಿ, ಹೆಂಗ ಗುರುಗುಡ್ತೈತಿ! ಬಾಣಂತಿ ಆರಾಮ ಅದಾಳ ಅಂತ ಅರ್ಥ.” ಬಂದವರು ಮಂಡಕ್ಕಿ ತಿನ್ನುತ್ತಾ ತಲೆದೂಗುತ್ತಿದ್ದರು. ಮೆಚ್ಚದವನು ಯರ್ರೆಪ್ಪ ಒಬ್ಬನೇ. ಕಾಳಿನ ಕೋಣೆಯ ಗೋಡೆಗೆ ಗೋಡೆ ಕೂಡಿರುವುದೇ ಅವನ ಹಿಟ್ಟಿನ ಗಿರಣಿ. ಆ ಸದ್ದು ರೂಢಿಯಾಗಿ ನಮ್ಮ ಕಿವಿಗೆ ಕೇಳಿಸುವುದೇ ನಿಂತುಹೋಗಿದೆ.

ಮರಿ ಹಾಕಿದ ವಾರದೊಳಗೆ ಗವಿಸಿದ್ದೇಶ ಬೆಳಿಗ್ಗೆಯೇ ಮಾಳಿಗೆ ಹತ್ತಿದ. ಕೂಡ್ಲಿಗಿ ಬಸ್ಸು, ಲಾರಿಗಳ ಗುಡುಗುಡು ಸದ್ದು ಮೈಕಿಗೆ ಅಡ್ಡ ಬರುತ್ತಿದೆಯಂತೆ. ಬೆಳಕಿಂಡಿಗೆ ತಗಡು ಮುಚ್ಚಿ, ಮೇಲೆ ಕಲ್ಲು ಹೇರಿ ಇಳಿದ.

“ಬೆಕ್ಕು ಹೆಂಗ ಹೊರಗ ಬರ್ಬೇಕಪ್ಪ?” ಎಂದೆ.

“ಒಳಗ ಐತಿ ಅತ್ತಿಗಿ, ಗುರುಗುಡೋದು ಈಗಷ್ಟೇ ಕೇಳೀನಿ. ಒಂದು ತಾಸು ಚಲೋತ್ನಾಗ ಕೇಳಿ, ತಗೀತೀನಿ.”

ಅವನ ತಾಸು ಎಂದರೆ ನಮಗೆ ಗೊತ್ತೇ ಇದೆ. ಮಧ್ಯಾಹ್ನ ಕರೆಂಟು ಹೋಯಿತು. ಚಹಾ ತೆಗೆದುಕೊಂಡು ಅಂಗಡಿಗೆ ಹೋದಾಗ, ಮೈತುಂಬ ಹಿಟ್ಟು ಮೆತ್ತಿಕೊಂಡ ಯರ್ರೆಪ್ಪ ಸೆಲ್ಲಿನ ಮೇಲೆ ನಡೆಯುವ ಆ ರೇಡಿಯೊಗೆ ಕಿವಿ ಹಚ್ಚಿ ಕೂತಿದ್ದ.

“ಏನಲೇ ಗವಿ, ನಾ ಬಂದಾಗೊಮ್ಮೆ ನಿನ್ನ ಬೆಕ್ಕು ಸುಮ್ಮನಾಗ್ತೈತಲ್ಲೋ! ಊರಮಂದಿಗೆಲ್ಲ ಹಾಡ್ತೈತಿ, ನನ್ನ ಕಂಡ್ರ ನಾಚಿಕ್ಯಾ?”

“ಮಲಗೈತಿ ಮಾವ. ಕರೆಂಟ್ ಬರ್ಲಿ, ಏಳ್ತೈತಿ.”

ಚಹಾದ ಬಸಿ ನನ್ನ ಕೈಯಲ್ಲೇ ನಿಂತಿತು. “ಯರ್ರೆಪ್ಪಣ್ಣ, ನೀನು ಇಲ್ಲಿ ಬರೋದು ಯಾವಾಗ?”

“ಗಿರಣಿ ನಿಂತಾಗ ಬರ್ತೀನವ್ವ. ನಡಿಯೋವಾಗ ಬಂದ್ರ ಹಿಟ್ಟು ಯಾರು ಹಿಡೀಬೇಕು?”

“ಕೇಳಿದ್ಯಾ ಗವಿಸಿದ್ದೇಶ? ನಿನ್ನ ಬಾಣಂತಿ ಗಿರಣಿಯ ತ್ರೀ ಫೇಸ್ ಕರೆಂಟಿನಾಗ ಗುರುಗುಡ್ತಾಳ. ಮೊದ್ಲು ಆ ತಗಡು ತಗಿ.”

ಅವನಿಗೆ ತಿಳಿಯಲು ಇನ್ನೂ ಹೊತ್ತು ಬೇಕಿತ್ತು. ರೇಡಿಯೊ ಬೆನ್ನಿಗೆ ಬಡಿಯುತ್ತಾ, “ತಡಿ ಅತ್ತಿಗಿ, ಸೆಲ್ ಇಳದಾವೇನೋ ನೋಡ್ತೀನಿ,” ಎಂದ. ಅಷ್ಟರಲ್ಲಿ ನಾನು ಹಿತ್ತಲಿನಲ್ಲಿದ್ದೆ. ಗಿರಣಿ ನಿಂತ ಆ ಮೌನದಲ್ಲಿ ಮೇಲಿಂದ ತಗಡು ಕೆರೆಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಏಣಿ ಹತ್ತಿದೆ. ಬೆಕ್ಕು ಬೆಳಕಿಂಡಿಯ ಮೇಲೇ ಇತ್ತು. ಕೂಗಿ ಕೂಗಿ ಅದರ ದನಿ ಬಿದ್ದುಹೋಗಿತ್ತು, ಉಗುರುಗಳಲ್ಲಿ ರಕ್ತ. ಹಾಲು ತುಂಬಿದ ಮೊಲೆಗಳು ಬಿಗಿದು ಕೆಂಪಾಗಿದ್ದವು. ಅದೆಂಥ ನೋವೆಂದು ನನಗೆ ಯಾವ ಯಂತ್ರವೂ ಹೇಳಬೇಕಿರಲಿಲ್ಲ.

ಕಲ್ಲು ಉರುಳಿಸಿದೆ. ತಗಡು ಪೂರ್ತಿ ಸರಿಯುವ ಮೊದಲೇ ಅದು ಒಳಗೆ ಹಾರಿತು. ನಾನು ಇಣುಕಲಿಲ್ಲ. ಆಣೆ ಮಾಡಿದ್ದೆ. ಬಿಸಿಲಲ್ಲಿ ಮುಖ ತಿರುಗಿಸಿ ಕೂತು ಕೇಳಿದೆ. ಕೆಳಗೆ ಸೋತ ಕಿಚಿಕಿಚಿ. ಒಂದು ದನಿ ನಿಂತಿತು, ಮೊಲೆಗೆ ಬಿತ್ತು ಎಂದುಕೊಂಡೆ. ಇನ್ನೊಂದೂ ನಿಂತಿತು. ಮೂರನೆಯದು ಬಹಳ ಹೊತ್ತು ಅತ್ತು, ಕೊನೆಗೆ ಅದೂ ನಿಂತಿತು. ಅದು ಹಾಲು ಸಿಕ್ಕು ನಿಂತಿತೋ, ಶಕ್ತಿ ತೀರಿ ನಿಂತಿತೋ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಬೆಕ್ಕು ಒಂದು ಮರಿ ಕಚ್ಚಿಕೊಂಡು ಮೇಲೆ ಬಂತು. ನನ್ನತ್ತ ನೋಡಲೂ ಇಲ್ಲ. ಮಾಳಿಗೆಯಿಂದ ಮಾಳಿಗೆಗೆ ದಾಟಿ ಹೋಗಿ, ತಿರುಗಿ ಬಂದು ಎರಡನೆಯದನ್ನೂ ಒಯ್ದಿತು. ಮೂರನೆಯದನ್ನು ತಂದಾಗ ಮರಿಯ ಬಾಲ ಅಲ್ಲಾಡುತ್ತಿತ್ತು. ಆಗ ಏಣಿ ಇಳಿದೆ.

ಕೆಳಗೆ ಗವಿಸಿದ್ದೇಶ ಹೊಸ ಸೆಲ್ ಹಾಕಿ ಕಾಯುತ್ತಿದ್ದ. “ಗಿರಣಿ ಗೋಡಿ ಕಡಿ ಇಟ್ಟದ್ದಷ್ಟ ತಪ್ಪಾತು ಅತ್ತಿಗಿ. ಯಾವ ಮನಿಗೆ ಹೋತು ಹೇಳು, ಈ ಸಲ ಕರೆಕ್ಟಾಗಿ ಕೂಡಿಸ್ತೀನಿ.”

“ನಿನ್ನ ರೇಡಿಯೊನ ಕೇಳು,” ಎಂದು ಒಲೆಯ ಮುಂದೆ ಕೂತೆ.

ಶಾಲೆಯಿಂದ ಬಂದ ಮಗಳು ಸಂಗತಿ ಕೇಳಿ ಅಳಲಿಲ್ಲ. ಚೀಲ ಎಸೆದು ಹೊರಟವಳು ಕತ್ತಲಾಗುವ ಹೊತ್ತಿಗೆ ತಿರುಗಿ ಬಂದಳು. ಅಂಗಡಿ ದಾಟುವಾಗ ಕಾಕಾ ಕೇಳಿದ್ದಕ್ಕೆ, “ಎಲ್ಲೂ ಸಿಗಲಿಲ್ಲ,” ಎಂದದ್ದು ನನಗೂ ಕೇಳಿಸಿತು. ಒಳಗೆ ಬಂದು ನನ್ನ ಕೊರಳಿಗೆ ಜೋತುಬಿದ್ದಳು.

“ಹಿಂದಿನ ಓಣಿ ಪಂಪಮ್ಮಜ್ಜಿ ಮನಿಯಾಗ, ಸಗಣಿ ಕುಳ್ಳಿನ ಗುಡ್ಲಾಗ ಅದಾವವ್ವ. ನಾ ದೂರ ನಿಂತೆ, ಮೂರೂ ಚೀಪೋದು ಕೇಳಿಸ್ತು. ಕಾಕಾಗ ಹೇಳಬ್ಯಾಡ.”