ಕುರ್ಚಿಗೊಂದು ದೃಷ್ಟಿಬೊಟ್ಟು

ಕುರ್ಚಿ ಕಾರ್ಖಾನೆಯ ಯಜಮಾನರಿಗೆ ಕೆಲಸಗಾರರು ಬೆನ್ನ ಹಿಂದೆ ಇಟ್ಟಿದ್ದ ಹೆಸರು ಭೂತಗನ್ನಡಿ. ಅವರ ಕಣ್ಣು ತಪ್ಪಿಸಿ ಒಂದು ಕುರ್ಚಿಯೂ ಬಾಗಿಲು ದಾಟುವಂತಿರಲಿಲ್ಲ. ತಪ್ಪು ಸಿಕ್ಕರೆ ಗುಡುಗುತ್ತಿದ್ದರು, ನಿಜ. ಸಿಗದಿದ್ದರೆ ಇನ್ನೂ ಕಷ್ಟ. ಕುರ್ಚಿಯನ್ನು ತಲೆಕೆಳಗು ಮಾಡಿ, ಕಾಲು ತಟ್ಟಿ, ಬೆನ್ನು ಜಗ್ಗಿ ಹುಡುಕುತ್ತಿದ್ದರು. ಆಗಲೂ ಸಿಗದಿದ್ದರೆ ಪಾಲಿಶ್ ಪೂರ್ತಿ ಉಜ್ಜಿ ತೆಗೆಸಿ ಮತ್ತೆ ಹಚ್ಚಿಸುತ್ತಿದ್ದರು. ಹುಡುಕುವವನಿಗೆ ದೇವರೇ ಸಿಗುತ್ತಾನಂತೆ, ತಪ್ಪು ಸಿಗದೆ ಇರುತ್ತದೆಯೇ?

ಇದಕ್ಕೆ ಮದ್ದು ಕಂಡುಹಿಡಿದವರು ಅಲ್ಲಿನ ಮೇಸ್ತ್ರಿ. ಮುದ್ದು ಮಗುವಿನ ಕೆನ್ನೆಗೆ ತಾಯಿ ಕಪ್ಪು ಬೊಟ್ಟು ಇಡುವುದಿಲ್ಲವೇ, ಹಾಗೆ ಕಳಿಸುವ ಸರಕಿನಲ್ಲಿ ಯಾವುದಾದರೂ ಒಂದು ಕುರ್ಚಿಯ ಸ್ಕ್ರೂ ಸಡಿಲ ಬಿಡುತ್ತಿದ್ದರು. ಯಜಮಾನರು ಅದನ್ನು ಹಿಡಿದು, ನಾನೊಬ್ಬ ಇಲ್ಲದಿದ್ದರೆ ನಿಮ್ಮ ಗತಿಯೇನು ಎಂದು ಬೈದು, ತೃಪ್ತಿಯಿಂದ ಚಹಾ ಕುಡಿಯಲು ಹೋಗುತ್ತಿದ್ದರು. ಮೇಸ್ತ್ರಿ ತಲೆ ತಗ್ಗಿಸಿ ಸ್ಕ್ರೂ ಬಿಗಿದು ಲಾರಿ ತುಂಬಿಸುತ್ತಿದ್ದರು. ಎಲ್ಲರಿಗೂ ನೆಮ್ಮದಿ.

ಹೀಗಿರುವಾಗ ಭೂತಗನ್ನಡಿಗೇ ಪೊರೆ ಬಂತು. ಕಣ್ಣಿನ ಆಪರೇಷನ್ನಿಗೆ ಹೊರಟ ಯಜಮಾನರು ಕಾರ್ಖಾನೆಯನ್ನು ಮಗಳಿಗೆ ವಹಿಸಿ ಒಂದು ಷರತ್ತು ಹಾಕಿದರು. ಹೊಸ ನಾಟಕಮಂದಿರದ ಕುರ್ಚಿಗಳು ಹೇಳಿದ ದಿನ ಮಧ್ಯಾಹ್ನದೊಳಗೆ ಹೊರಡಬೇಕು, ಅಂದು ಸಂಜೆಯೇ ಅಲ್ಲಿ ಮೊದಲ ಆಟ. ಹೊರಟರೆ ಕಾರ್ಖಾನೆ ಅವಳದು. ತಪ್ಪಿದರೆ ಎದುರು ಬೀದಿಯ ಪ್ಲೈವುಡ್ ವ್ಯಾಪಾರಿಗೆ ಮಾರಾಟ.

ಮಗಳು ಕುರ್ಚಿಗಳನ್ನು ನೋಡುತ್ತಿರಲಿಲ್ಲ, ಕೂರುತ್ತಿದ್ದಳು. ಮೊದಲ ದಿನವೇ ಮೇಸ್ತ್ರಿ ಅಭ್ಯಾಸಬಲದಿಂದ ಇಟ್ಟಿದ್ದ ಬೊಟ್ಟಿನ ಮೇಲೆ ಕೂತು ಅತ್ತಿತ್ತ ಓಲಾಡಿದಳು. ಬೈಯಲಿಲ್ಲ. ಎದ್ದು, ನೀವೂ ಸ್ವಲ್ಪ ಕೂತು ನೋಡಿ ಎಂದು ಜಾಗ ಬಿಟ್ಟಳು. ಬೈಗುಳವನ್ನು ಅರಗಿಸಿಕೊಂಡವರಿಗೆ ಮರ್ಯಾದೆ ಜೀರ್ಣವಾಗುವುದು ಕಷ್ಟ. ಮೇಸ್ತ್ರಿ ಎಲ್ಲವನ್ನೂ ಒಪ್ಪಿಬಿಟ್ಟರು. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಇನ್ನು ಬೊಟ್ಟು ಬೇಡ, ಮಾಡಿದವರೇ ಕೂತು ನೋಡಿ ಕಳಿಸಿ ಎಂದಳು. ಅಂದಿನಿಂದ ಬಡಗಿಗಳು ಸಂಜೆಯ ಹೊತ್ತು ಮಹಾರಾಜರಂತೆ ಕೂತೆದ್ದರು. ಅಲುಗಿದ್ದನ್ನು ತಾವೇ ಬಿಗಿದರು. ಕೆಲಸ ಹೇಳಿದ ದಿನಕ್ಕೆ ಮುಗಿಯಿತು.

ಲಾರಿ ಬಂದ ಬೆಳಿಗ್ಗೆಯೇ ಯಜಮಾನರೂ ಹೊಸ ಕಣ್ಣು ಹೊತ್ತು ಬಂದರು. ಸಾಲಿನ ತುದಿಯಿಂದ ಪರೀಕ್ಷೆ ಶುರುವಾಯಿತು. ತಪ್ಪಿಲ್ಲ. ಮುಂದಿನದರಲ್ಲೂ ಇಲ್ಲ. ಹೊತ್ತು ಏರಿತು, ಡ್ರೈವರ್ ಹಾರ್ನ್ ಬಾರಿಸಿದ. ತಾವೇ ಹಾಕಿದ ಷರತ್ತು ಯಜಮಾನರಿಗೆ ಮರೆತೇಹೋಗಿತ್ತು. ಅವರ ನೋಟ ಪಾಲಿಶ್ ಡಬ್ಬಿಯ ಕಡೆ ಹೊರಳಿದ್ದು ಕಂಡು ಮಗಳು ಮೆಲ್ಲಗೆ ಮೇಸ್ತ್ರಿಯ ಪಕ್ಕಕ್ಕೆ ಸರಿದಳು.

"ಮೇಸ್ತ್ರಿಗಳೇ, ಎಲ್ಲಾದ್ರೂ ಒಂದು ಬೊಟ್ಟು ಇಲ್ವಾ?"

"ನೀವೇ ಬೇಡ ಅಂದ್ರಲ್ಲಮ್ಮ. ಇರೋ ಚಟ ಬಿಡ್ಸಿ ಈಗ ಕೇಳ್ತೀರಲ್ಲ."

"ಸ್ಕ್ರೂಡ್ರೈವರ್ ಕೊಡಿ."

ಅಪ್ಪ ಬೆನ್ನು ತಿರುಗಿಸಿದ್ದಾಗ, ದೇವರ ಹೆಸರು ಹೇಳಿಕೊಂಡು ಕೊನೆಯ ಸಾಲಿನ ಕುರ್ಚಿಯೊಂದರ ಸ್ಕ್ರೂ ಬಿಚ್ಚಿ ಮುಷ್ಟಿಯಲ್ಲಿ ಅಡಗಿಸಿಕೊಂಡಳು. ದೇವರು ಇಂಥದ್ದಕ್ಕೂ ಒದಗುತ್ತಾನೆ. ಲೋಕ ನಡೆಸುವವನಲ್ಲವೇ, ಅವನೂ ಬೊಟ್ಟಿಡದೆ ಯಾರನ್ನೂ ಇಲ್ಲಿಗೆ ಕಳಿಸಿದವನಲ್ಲ.

ಖಾಲಿ ತೂತು ಕಂಡದ್ದೇ ಯಜಮಾನರು ಗುಡುಗಿದರು. ಗುಡುಗುತ್ತಲೇ ಮುಖ ಅರಳಿತು. ಚಹಾ ತರಲು ಹೇಳಿದರು. ಮೇಸ್ತ್ರಿ ಬೇರೊಂದು ಸ್ಕ್ರೂ ಬಿಗಿದರು. ಮಧ್ಯಾಹ್ನಕ್ಕೆ ಇನ್ನೂ ತುಸು ಹೊತ್ತಿರುವಾಗಲೇ ಲಾರಿ ಹೊರಟಿತು.

ಧೂಳು ಅಡಗಿದ ಮೇಲೆ ಯಜಮಾನರು ಬೀಗದಕೈ ಗೊಂಚಲು ಹಿಡಿದು ಬಂದು, ಕೈ ನೀಡು ಎಂದರು. ಮಗಳು ಎಡಗೈ ನೀಡಿದಳು.

"ಅದಲ್ಲ, ಆ ಕೈ."

ಮುಷ್ಟಿ ಬಿಚ್ಚಲೇಬೇಕಾಯಿತು.

"ಇದನ್ನ ಜೇಬಿಗೆ ಹಾಕ್ಕೋಬೇಕು ಮಗಳೇ. ಮುಷ್ಟೀಲಿಟ್ಕೊಂಡ್ರೆ ಸಿಕ್ಕಿಬೀಳ್ತೀವಿ. ನಿಮ್ಮಜ್ಜನ ಮುಂದೆ ನಾನೆಷ್ಟು ಸಲ ಮಾಡಿಲ್ಲ."

ಸ್ಕ್ರೂ ಎತ್ತಿಕೊಂಡು ಅದೇ ಅಂಗೈಗೆ ಬೀಗದಕೈ ಇಟ್ಟರು. ಸಂತೋಷದಲ್ಲಿ ಅವಳ ನಾಲಿಗೆ ಜಾರಿತು.

"ಹಾಗಾದ್ರೆ ಮೇಸ್ತ್ರಿಗಳು ಇಷ್ಟು ವರ್ಷ ಸಡಿಲ ಬಿಡ್ತಿದ್ದಿದ್ದೂ ನಿಮಗೆ ಗೊತ್ತಿತ್ತಾ ಅಪ್ಪ?"

"ಯಾರು?" ಎಂದರು ಯಜಮಾನರು.

ಮೂಲೆಯಲ್ಲಿ ಮೇಸ್ತ್ರಿ, ಆಗಲೇ ನುಣ್ಣಗಿದ್ದ ಹಲಗೆಯೊಂದನ್ನು ಬಹಳ ಭಕ್ತಿಯಿಂದ ಉಜ್ಜತೊಡಗಿದ್ದರು.