ಬೂದಿಯೊಳಗಿನ ಜೇಡ

ಸೋಮವಾರ ಬೆಳಗಾಯಿತೆಂದರೆ ಗುರುಬಸವ್ವನ ಮನೆಯಲ್ಲಿ ಮೊದಲು ಒಲೆಯ ಬೂದಿ ತಿಪ್ಪೆಗೆ ಹೋಗಬೇಕು, ಸಗಣಿ ನೀರಿನಿಂದ ಒಲೆ ಸಾರಿಸಬೇಕು, ಅದರ ಹಣೆಗೆ ವಿಭೂತಿ ಎಳೆಯಬೇಕು. ಚಹಾದ ಮಾತು ಆಮೇಲೆ. ಹಿರಿಮಗ ಕಲ್ಮೇಶ ಕಾಮಾಲೆಯಾಗಿ ತೀರಿಕೊಂಡ ವಾರವೂ ಮುದುಕಿ ಇದನ್ನು ತಪ್ಪಿಸಿರಲಿಲ್ಲ. ಅಂಥ ಒಲೆಯಲ್ಲಿ, ಅದೂ ಭಾನುವಾರ ಸಂಜೆ, ಸೊಸೆ ಗಂಗಾ ಗಾಜಿನ ಜೇಡವೊಂದನ್ನು ಹೂಳಿದಳೆಂದರೆ ಜಗಳಕ್ಕೆ ವೀಳ್ಯ ಕೊಟ್ಟಂತೆಯೇ.

ಆದರೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಕಲ್ಮೇಶ ಬೈಲಹೊಂಗಲದ ಕಾಲೇಜೊಂದರಲ್ಲಿ ಒಡೆದ ಗಾಜಿನ ಸಾಮಾನು ಬೆಸೆಯುವ ಕೆಲಸದಲ್ಲಿದ್ದ. ೧೯೯೮ರಲ್ಲಿ ಅವನು ಹೋದ ಮೇಲೆ ಆ ಜಾಗಕ್ಕೆ ಮನೆಯಿಂದಲೇ ಇಬ್ಬರು ನಿಂತರು. ಒಬ್ಬಳು ಅವನ ಹೆಂಡತಿ ಗಂಗಾ, ಇನ್ನೊಬ್ಬ ಮೈದುನ ಶಂಕರೆಪ್ಪ. ಗಂಡ ಸತ್ತವಳು ಹುಡುಗರ ನಡುವೆ ಬೆಂಕಿ ಊದುತ್ತ ಕೂರುವುದು ಯಾವ ಮರ್ಯಾದೆ ಎಂದು ಗುರುಬಸವ್ವ ಕಾಲೇಜಿನವರೆಗೂ ಹೋಗಿ ಹೇಳಿ ಬಂದಿದ್ದಳು. ರಸಾಯನಶಾಸ್ತ್ರದ ಹಿರಿಯ ಸರ್ ಇಬ್ಬರ ಮಾತೂ ಕೇಳಿದರು. ಕಲ್ಮೇಶ ಬಿಡುವಿನಲ್ಲಿ ಗಾಜಿನ ಜೇಡ ಮಾಡುತ್ತಿದ್ದನಲ್ಲ, ಅಂಥದ್ದೊಂದನ್ನು ಸೋಮವಾರ ಹನ್ನೊಂದಕ್ಕೆ ಯಾರು ತರುತ್ತಾರೋ ಕೆಲಸ ಅವರಿಗೆ, ಯಾರೂ ತರದಿದ್ದರೆ ಗಂಡುಮಗ ಶಂಕರೆಪ್ಪನಿಗೆ ಎಂದರು. ಶಂಕರೆಪ್ಪ ಅಂದಿನಿಂದ ಕೈಕಟ್ಟಿ ಕೂತ. ಗಂಗಾ ಸೋತರೆ ಮನೋಳಿಯ ತವರಿಗೆ ಹೋಗಿ, ಅತ್ತಿಗೆ ನೀಡಿದಷ್ಟು ಉಣ್ಣಬೇಕು. ಅದಕ್ಕಿಂತ ಮಲಪ್ರಭೆಗೆ ಹಾರುವುದೇ ಮೇಲು ಅಂದುಕೊಂಡಿದ್ದಳು.

ಜೇಡವೇ ಯಾಕೆ ಅಂದರೆ, ಒಂದೇ ಮೈಗೆ ಎಂಟು ಬೆಸುಗೆ. ಎಂಟನೆಯ ಕಾಲು ಕೂಡಿಸುವಷ್ಟರಲ್ಲಿ ಮೊದಲನೆಯದು ಆರಿ ಸೀಳುತ್ತದೆ. ಕಾಲಿನಿಂದ ತಿದಿ ಒತ್ತುತ್ತ, ಉರಿಯ ನಾಲಿಗೆಯಲ್ಲಿ ಗಾಜಿನ ಕಡ್ಡಿ ಜೇನಿನ ಹಾಗೆ ಇಳಿಯುವಾಗ ಹಿಡಿದು ಬಗ್ಗಿಸುತ್ತ, ನಡುನಡುವೆ ಇಡೀ ಹುಳವನ್ನು ಮತ್ತೆ ಉರಿಗೆ ತೋರಿಸುತ್ತಲೇ ಇರಬೇಕು. ಮನೆಯಲ್ಲಿ ಗಂಡನ ಪಕ್ಕ ಕೂತು ಆರು ವರ್ಷ ತಿದಿ ಒತ್ತಿದವಳು ಗಂಗಾ. ಬುಧವಾರದಿಂದ ನಾಲ್ಕು ಮಾಡಿದಳು, ನಾಲ್ಕೂ ಒಡೆದವು. ಐದನೆಯದು ಭಾನುವಾರ ನಿಂತಿತು. ಇನ್ನು ಅದು ಬಿಸಿ ಬೂದಿಯಲ್ಲಿ ಮರುದಿನ ಎಂಟರವರೆಗೆ ನಿಧಾನ ಆರಬೇಕು. ಮೊದಲೇ ತೆಗೆದರೆ ತಣ್ಣನೆಯ ಗಾಳಿಯೇ ಅದನ್ನು ಒಡೆಯುತ್ತದೆ.

ಎಂಟರ ತನಕ ಒಲೆ ಮುಟ್ಟಬೇಡಿರೆಂದು ಗಂಗಾ ಅತ್ತೆಯನ್ನು ಕೇಳಿಕೊಂಡಳು. ಕೇಳಿಕೊಂಡಳು ಅನ್ನುವುದು ಸುಳ್ಳು, ಹಲ್ಲು ಕಚ್ಚಿಕೊಂಡು ಹೇಳಿದಳು.

"ನನ್ನ ಒಲಿಗೆ ನೀ ಹೊತ್ತ ಹೇಳಬ್ಯಾಡ," ಎಂದು ಗುರುಬಸವ್ವ ಎದ್ದು ಹೋದಳು.

ಮುದುಕಿ ನೀರು ಹೊಯ್ಯದೆ ಬಿಡುವವಳಲ್ಲ ಎಂದು ಗಂಗಾಳಿಗೆ ಖಾತ್ರಿಯಾಯಿತು. ಬೆಳಗಿನ ಐದೂವರೆಗೆ ಹಿತ್ತಲಲ್ಲಿ ಕೊಡ ಸದ್ದು ಮಾಡಿದ್ದೇ ತಡ, ಅವಳು ಅಡುಗೆಮನೆಗೆ ಓಡಿದಳು. ಬೂದಿ ಕೆದರಿ, ಸೆರಗಿನಲ್ಲಿ ಜೇಡವನ್ನು ಎತ್ತಿಕೊಂಡಳು. ಅದಿನ್ನೂ ಕೈ ಸುಡುತ್ತಿತ್ತು. ಟಿಣ್ ಅಂದಿತು. ಮತ್ತೊಮ್ಮೆ ಅಂದಿತು. ಮೂರು ಕಾಲು ಸೆರಗಿನಲ್ಲೇ ಉದುರಿದವು.

ಗುರುಬಸವ್ವ ಮುಖ ತೊಳೆದುಕೊಂಡು ಒಳಗೆ ಬಂದಳು. ಕೈಯಲ್ಲಿ ನೀರಿಲ್ಲ, ಸಗಣಿಯಿಲ್ಲ. ಸೆರಗಿನಲ್ಲಿದ್ದದ್ದನ್ನು ಬಗ್ಗಿ ನೋಡಿದಳು.

"ಇವತ್ತ ಒಲಿ ಸಾರಸಬಾರ್ದಂತ ಮಾಡಿದ್ನಿ," ಎಂದಳು. "ಅದು ನನ್ನ ಮಗ ಮಾಡತಿದ್ದ ಹುಳಾ. ನಾ ಯಾಕ ಅದನ್ನ ಒಡೀಲಿ?"

ಗಂಗಾ ನಂಬಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಸಗಣಿಯ ಬುಟ್ಟಿ ಗೋಡೆಗೆ ಬೋರಲಾಗಿ ಒಣಗಿ ನಿಂತಿತ್ತು. ಅವಳಿಗೆ ನಾಚಿಕೆ ಬರಬೇಕಿತ್ತು. ಬಂದದ್ದು ಸಿಟ್ಟು. ಇಷ್ಟು ವರ್ಷ ಕೆಟ್ಟವಳಾಗಿದ್ದವಳಿಗೆ ಒಳ್ಳೆಯವಳಾಗಲು ಇವತ್ತೇ ಮುಹೂರ್ತ ಸಿಕ್ಕಿತೇ ಎಂದು ಮೈಯೆಲ್ಲ ಉರಿದುಹೋಯಿತು.

ಹನ್ನೊಂದಕ್ಕೆ ಕಾಲೇಜಿಗೆ ಹೋದಾಗ ಶಂಕರೆಪ್ಪ ಇಸ್ತ್ರಿ ಅಂಗಿ ತೊಟ್ಟು ಮೊದಲೇ ಕೂತಿದ್ದ. ಗಂಗಾ ಐದು ಕಾಲಿನ ಜೇಡವನ್ನು ಮೇಜಿನ ಮೇಲಿಟ್ಟಳು. ಸರ್ ಅದನ್ನು ಬೆಳಕಿಗೆ ಹಿಡಿದು, ಬೆಸುಗೆ ಚೆನ್ನಾಗಿದೆಯಲ್ಲ, ಏನಾಯಿತು ಎಂದು ಕೇಳಿದರು. ಅವಳು ಬಾಯಿ ತೆರೆಯುವಾಗ ಏನು ಹೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

"ನಮ್ಮತ್ತಿ ಬೂದ್ಯಾಗ ನೀರ ಹೊಯ್ದಾರ್ರಿ."

ಸರ್ ತಕ್ಷಣ ನಂಬಿದರು. ಯಾರಾದರೂ ನಂಬುತ್ತಿದ್ದರು. ಹೆತ್ತ ಮಗ ಶಂಕರೆಪ್ಪನೇ ನಂಬಿ ತಲೆ ತಗ್ಗಿಸಿದ. ಗಂಗಾಳಿಗೆ ಇನ್ನೊಂದು ವಾರ ಸಿಕ್ಕಿತು.

ಕಾಲೇಜಿನಲ್ಲಿ ಕಸ ಹೊಡೆಯುವ ಕೆಂಪವ್ವ ಅದೇ ಓಣಿಯವಳು. ಸಂಜೆಯೊಳಗೆ ಸುದ್ದಿ ಮನೆಮನೆ ತಿರುಗಿ ಗುರುಬಸವ್ವನ ಬಾಗಿಲಿಗೇ ಬಂತು. ಈಗ ಮುದುಕಿ ಬೀದಿಗೆ ಬಂದು ನನ್ನ ಮಾನ ಹರಾಜು ಹಾಕುತ್ತಾಳೆಂದು ಗಂಗಾ ಒಳಗೆ ಬಾಗಿಲ ಮರೆಯಲ್ಲಿ ನಿಂತಳು. ಗುರುಬಸವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೆಂಪವ್ವ ಕೆದಕಿ ಕೆದಕಿ ಕೇಳಿದರೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆದರೆ ಅಂದಿನಿಂದ ಸೊಸೆ ಬಡಿದ ರೊಟ್ಟಿ ಮುಟ್ಟಲಿಲ್ಲ. ತನ್ನ ಎರಡು ರೊಟ್ಟಿ ತಾನೇ ಬಡಿದುಕೊಂಡು, ಗೋಡೆಗೆ ಮುಖ ಮಾಡಿ ತಿಂದಳು. ಬೈದಿದ್ದರೆ ಗಂಗಾ ತಿರುಗಿ ಬೈಯುತ್ತಿದ್ದಳು. ಬೈಯದೆ ಇದ್ದದ್ದಕ್ಕೇ ದ್ವೇಷ ಇನ್ನೂ ಹೆಚ್ಚಿತು.

ಮುಂದಿನ ಭಾನುವಾರ ಮತ್ತೊಂದು ಜೇಡ ಬೂದಿಗೆ ಹೋಯಿತು. ಸೋಮವಾರ ನಸುಕಿನಲ್ಲಿ ಗಂಗಾ ಎದ್ದು ಬಂದರೆ ಗುರುಬಸವ್ವ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಕೈಯಲ್ಲಿ ಎತ್ತು ಹೊಡೆಯುವ ಬಾರಕೋಲು. ಬೆಕ್ಕು ಬಂತು, ಓಡಿಸಿದಳು. ಶಂಕರೆಪ್ಪ ಬೀಡಿಗೆ ಕೆಂಡ ಕೇಳಲು ಬಂದ, ಅವನನ್ನೂ ಬೈದು ಓಡಿಸಿದಳು. ಸೊಸೆ ಒಂದು ಹೆಜ್ಜೆ ಒಳಗಿಟ್ಟಾಗ ಕೋಲನ್ನು ಹೊಸ್ತಿಲಿಗೆ ಅಡ್ಡ ಚಾಚಿದಳು. ಗಂಗಾ ಎರಡು ತಾಸು ಹೊಸ್ತಿಲಾಚೆಯೇ ನಿಂತಳು. ಮುದುಕಿ ಒಲೆ ಕಾಯುತ್ತಿರುವುದು ಬೆಕ್ಕಿನಿಂದಲ್ಲ, ತನ್ನಿಂದ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎಂಟರ ಧಾರವಾಡ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ಗುರುಬಸವ್ವ ತಾನೇ ಬೂದಿ ಸರಿಸಿ, ಬರಿಗೈಯಿಂದ ಜೇಡವನ್ನು ಎತ್ತಿದಳು. ಉಫ್ ಎಂದು ಊದಿ, ಒಂದೊಂದೇ ಕಾಲು ಮುಟ್ಟಿ ಎಣಿಸಿದಳು. ಎಂಟೂ ಇದ್ದವು. ಅದನ್ನು ಗಂಗಾಳ ಅಂಗೈಯಲ್ಲಿಟ್ಟು, ಎಂಟು ದಿನದಲ್ಲಿ ಮೊದಲ ಸಲ ಅವಳ ಮುಖ ನೋಡಿದಳು.

"ಇದೂ ಒಡದಿದ್ರ ಯಾರ ಹೆಸರ ಹೇಳಾಕಿದ್ದಿ?"

ಗುರುಬಸವ್ವ ಸಗಣಿಯ ಬುಟ್ಟಿ ಎಳೆದುಕೊಂಡು ಒಲೆ ಸಾರಿಸತೊಡಗಿದಳು.